ಪೂರ್ವಕ್ಕೆ ಮುಖ ಮಾಡಿದ ಕುರ್ಚಿ

ಐದನೇ ತರಗತಿಯ ಕಪ್ಪುಹಲಗೆ ಪಶ್ಚಿಮದ ಗೋಡೆಯ ಮೇಲಿತ್ತು. ಅದರ ಮೇಲೆ ಏನಾದರೂ ಬರೆಯುವ ಮೊದಲು ಕಸ್ತೂರಿ ಕೊಣ್ಣೂರ ಎಡಗೈಯನ್ನು ಗೋಡೆಗೆ ಊರುತ್ತಿದ್ದಳು. ಕೈ ಗಟ್ಟಿಯಾಗಿ ಕೂತಿತೆಂದು ಖಾತ್ರಿಯಾದ ಮೇಲೆಯೇ ಬಲಗೈಯಲ್ಲಿ ಸೀಮೆಸುಣ್ಣ ಎತ್ತುತ್ತಿದ್ದಳು. ನವಲಗುಂದದ ಆ ಶಾಲೆಯ ಮಕ್ಕಳು ಅದನ್ನು ಅಕ್ಕೋರು ಬರೆಯುವ ರೀತಿ ಎಂದುಕೊಂಡಿದ್ದರು. ಹಲಗೆಯ ಹತ್ತಿರ ಕರೆದಾಗ ಒಂದಿಬ್ಬರು ಹುಡುಗಿಯರು ತಾವೂ ಹಾಗೆಯೇ ಎಡಗೈ ಊರಿ ಬರೆಯುತ್ತಿದ್ದರು.

ಅಂದು ಭೂಮಿಯ ಚಲನೆಯ ಪಾಠ. ಅವಳು ಒಂದು ವೃತ್ತ ಬರೆದು, ಅದಕ್ಕೊಂದು ಬಾಣ ಹಚ್ಚಿ, ಮಕ್ಕಳ ಕಡೆ ತಿರುಗಿದಳು. ತಿರುಗಿದ ಕೂಡಲೇ ಎಂದಿನಂತೆ ಎಲ್ಲವೂ ನೆಟ್ಟಗಾಯಿತು.

“ಭೂಮಿ ತನ್ನ ಸುತ್ತ ತಾನ ತಿರುಗತೈತಿ. ಪಶ್ಚಿಮದಿಂದ ಪೂರ್ವಕ್ಕ. ನಾವೂ ಅದರ ಜೋಡಿ ತಿರುಗಾಕತ್ತೀವಿ. ಈಗ, ಹಿಂಗ ಕುಂತಲ್ಲೇ.”

ಮೂರನೇ ಬೆಂಚಿನ ದಾನಮ್ಮ ಕೈ ಎತ್ತಿದಳು. “ಹಂಗಾರ ನಮಗ ಯಾಕ ಗೊತ್ತಾಗೂದಿಲ್ರಿ ಅಕ್ಕೋರ?”

“ನಮ್ಮ ಜೋಡಿ ಎಲ್ಲಾನೂ ತಿರುಗತೈತಲ್ಲವ್ವಾ. ಮನಿ, ಗಿಡ, ಗಾಳಿ. ಬಸ್ಸು ಒಂದ ಸಮ ಹೊಂಟಾಗ ಕಣ್ಣ ಮುಚ್ಚಿದ್ರ ಹೊಂಟದ್ದು ತಿಳೀತೈತೇನು?”

“ನಮ್ಮೂರ ಬಸ್ಸಿನ್ಯಾಗ ತಿಳೀತೈತ್ರಿ,” ಎಂದ ಹಿಂದಿನ ಸಾಲಿನವನೊಬ್ಬ. ತರಗತಿ ನಕ್ಕಿತು.

ದಾನಮ್ಮ ಮಾತ್ರ ಬಿಡಲಿಲ್ಲ. “ಯಾರಿಗೂ ಗೊತ್ತಾಗೂದಿಲ್ರಿ? ಒಬ್ಬರಿಗೂ?”

ಕಸ್ತೂರಿ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು. ಅವಳು ಮಾತುಗಳನ್ನು ತೂಗಿ ಆಡುವ ಹೆಂಗಸು. ತಪ್ಪು ಮಾತು ಬಾಯಿಂದ ಜಾರಿದರೆ ರಾತ್ರಿಯಿಡೀ ಅದನ್ನೇ ಹಿಂದೆ ಮುಂದೆ ಹೊರಳಿಸುತ್ತ ಮಲಗುವ ಸ್ವಭಾವ.

“ಯಾರಿಗೂ ಇಲ್ಲ,” ಎಂದಳು.

ಅದು ಸುಳ್ಳು. ಅವಳಿಗೆ ಗೊತ್ತಾಗುತ್ತಿತ್ತು.

ನಾಲ್ಕು ವರ್ಷದ ಹಿಂದೆ ಅವಳಿಗೊಂದು ಕೆಟ್ಟ ಜ್ವರ ಬಂದಿತ್ತು. ಜ್ವರ ಇಳಿಸಲು ಕೊಟ್ಟ ಔಷಧಿ ಜ್ವರದ ಜೊತೆಗೆ ಅವಳ ನಿಲುವನ್ನೂ ತೆಗೆದುಕೊಂಡು ಹೋಯಿತು. ನಮ್ಮ ಕಿವಿಯೊಳಗೆ ಬಳೆಯಂತೆ ಬಾಗಿದ ಮೂರು ಸಣ್ಣ ಕೊಳವೆಗಳಿವೆ. ಅವುಗಳಲ್ಲಿ ದ್ರವ ತುಂಬಿರುತ್ತದೆ. ತಲೆ ತಿರುಗಿಸಿದಾಗ ದ್ರವ ಒಂದಿಷ್ಟು ಹಿಂದೆ ಉಳಿದು ಅಲ್ಲಿರುವ ನವಿರು ಎಳೆಗಳನ್ನು ಬಾಗಿಸುತ್ತದೆ. ತಿರುಗಿದ ಸುದ್ದಿ ಮೆದುಳಿಗೆ ಮುಟ್ಟುತ್ತದೆ. ಕಸ್ತೂರಿಯ ಕಿವಿಯಲ್ಲಿ ಆ ಎಳೆಗಳು ಸತ್ತುಹೋಗಿದ್ದವು. ಕೇಳುವುದಕ್ಕೆ ತೊಂದರೆಯಿರಲಿಲ್ಲ. ನಿಂತುಕೊಳ್ಳುವುದೇ ಆಗುತ್ತಿರಲಿಲ್ಲ. ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕು, ಕತ್ತಲಾದರೆ ಅಂಬೆಗಾಲೇ ಗತಿ. ಆಗಿನ್ನೂ ಇದ್ದ ಅವ್ವ ಎಪ್ಪತ್ತೆಂಟರ ವಯಸ್ಸಿನಲ್ಲಿ ಮಗಳ ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ಯುತ್ತಿದ್ದಳು.

ಧಾರವಾಡದ ಹೊರಗೆ ಗುಡ್ಡದ ಮೇಲಿದ್ದ ಸಮತೋಲ ಕೇಂದ್ರದವರು ಅವಳ ಕಿವಿಯ ಹಿಂದಿನ ಎಲುಬಿನಲ್ಲಿ ಒಂದು ಯಂತ್ರ ಕೂರಿಸಿದರು. ಹುಣಸೆಬೀಜದಷ್ಟು ದೊಡ್ಡದು. ಅದಕ್ಕೊಂದು ಉದ್ದ ಹೆಸರಿತ್ತು. ಎಲ್ಲರೂ ಗುಂಡಿ ಎನ್ನುತ್ತಿದ್ದರು. ತಲೆ ಎತ್ತ ತಿರುಗಿತು, ಎಷ್ಟು ತಿರುಗಿತು ಎಂದು ಅಳೆದು ಅದು ನೇರವಾಗಿ ನರಕ್ಕೆ ಮಿಡಿತ ಕಳಿಸುತ್ತಿತ್ತು. ಹಳೆಯ ಗುಂಡಿಗಳು ಒರಟು. ಇದು ಹೊಸ ಬಗೆಯದು, ಬಹಳ ಸೂಕ್ಷ್ಮ. ಎಷ್ಟು ಸೂಕ್ಷ್ಮವೆಂದರೆ ಮಾಡಿದವರೂ ಅದರ ಪರಿಣಾಮವನ್ನು ಪೂರ್ತಿ ಯೋಚಿಸಿರಲಿಲ್ಲ.

ಗಡಿಯಾರದ ಗಂಟೆಯ ಮುಳ್ಳು ತಿರುಗುವುದು ಯಾರ ಕಣ್ಣಿಗೂ ಕಾಣುವುದಿಲ್ಲ. ಭೂಮಿ ತನ್ನ ಸುತ್ತ ತಿರುಗುವುದು ಅದರ ಅರ್ಧ ವೇಗದಲ್ಲಿ. ದೇವರು ಕೊಟ್ಟ ಕಿವಿಗೆ ಅಷ್ಟು ನಿಧಾನದ ತಿರುಗು ತಿಳಿಯುವುದಿಲ್ಲ. ಗುಂಡಿಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಅದು ನರಕ್ಕೆ ಅರಿವಾಗುವಷ್ಟು ಹಿಗ್ಗಿಸಿ, ಬಿಡುವಿಲ್ಲದೆ ಹೇಳುತ್ತಲೇ ಇರುತ್ತಿತ್ತು.

ಕಸ್ತೂರಿಗೆ ಇದು ಅರ್ಥವಾದದ್ದು ಒಂದು ಸಂಜೆ ಮಾಳಿಗೆಯ ಮೇಲೆ. ನವಲಗುಂದದ ಸುತ್ತ ಎರೆಭೂಮಿ ಹಲಗೆಯಂತೆ ಮಟ್ಟಸ. ಸೂರ್ಯ ನೆಲಕ್ಕೆ ತಾಗುವವರೆಗೂ ಕಾಣುತ್ತಾನೆ. ಅವ್ವನ ಬೆತ್ತದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಾಗ ತಾನು ಹಿಂದಕ್ಕೆ, ಬೆನ್ನ ಕಡೆಗೆ, ಬಹಳ ನಿಧಾನವಾಗಿ ವಾಲುತ್ತಿದ್ದೇನೆ ಎನ್ನಿಸಿತು. ಅವಳು ವಾಲಿದಷ್ಟೂ ಸೂರ್ಯ ನೆಲದಂಚಿನ ಕೆಳಗೆ ಮರೆಯಾಗುತ್ತಿದ್ದ. ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಪಾಠ ಅಂದು ಬೆನ್ನುಮೂಳೆಗೆ ತಿಳಿಯಿತು. ಸೂರ್ಯ ಎಲ್ಲಿಗೂ ಹೋಗುತ್ತಿಲ್ಲ. ನೆಲವೇ ತನ್ನನ್ನು ಹೊತ್ತುಕೊಂಡು ಪೂರ್ವಕ್ಕೆ ಮಗುಚುತ್ತಿದೆ.

ತಪಾಸಣೆಗೆ ಹೋದಾಗ ಡಾಕ್ಟರಿಗೆ ಹೇಳಿದಳು. ಅವರು ಪ್ರೀತಿಯಿಂದಲೇ ಕೇಳಿಸಿಕೊಂಡರು. “ಒಬ್ಬರ ಇರ್ತೀರಲ್ರಿ, ಮನಸ್ಸಿಗೆ ಹಂಗೆಲ್ಲಾ ಅನಸ್ತದ,” ಎಂದು ಆತಂಕಕ್ಕೊಂದು ಗುಳಿಗೆ ಬರೆದರು. ಆಗಷ್ಟೇ ಅವ್ವ ತೀರಿಕೊಂಡಿದ್ದಳು. ಕಸ್ತೂರಿ ಗುಳಿಗೆ ತಂದಳು, ನುಂಗಲಿಲ್ಲ. ಆಮೇಲೆ ಯಾರಿಗೂ ಹೇಳಲೂ ಇಲ್ಲ. ಶಾಲೆಯಲ್ಲಿ ಒಮ್ಮೆ ಬಾಯಿ ತಪ್ಪಿ ಅಂದಾಗ ಜೊತೆಯ ಶಿಕ್ಷಕಿ, “ನನಗೂ ಹಂಗ ಆಗತೈತವಾ, ಮುಖ್ಯೋಪಾಧ್ಯಾಯರ ಮೀಟಿಂಗಿನ್ಯಾಗ,” ಎಂದು ನಗಿಸಿದ್ದಳು. ಕಸ್ತೂರಿಯೂ ನಕ್ಕಿದ್ದಳು.

ಹೇಳದೇ ಇರಲು ಇನ್ನೊಂದು ಕಾರಣವಿತ್ತು. ಅವ್ವ ಹೋದ ಮೇಲೆ ಆ ಮನೆಯಲ್ಲಿ ಅವಳು ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಬಾಗಿಲು ಅವಳು ತೆರೆದರೆ ತೆರೆಯಿತು, ಮುಚ್ಚಿದರೆ ಮುಚ್ಚಿತು. ಅಂಥ ಮನೆಯಲ್ಲಿ ಅವಳದಲ್ಲದ ಒಂದೇ ಒಂದು ಚಲನೆ ಎಂದರೆ ಆ ವಾಲುವಿಕೆ. ಸಂಜೆ ಕುರ್ಚಿಯಲ್ಲಿ ಕೂತರೆ ಯಾರೋ ಹಿಂದಿನಿಂದ ಹೆಗಲು ಹಿಡಿದು ಮೆಲ್ಲಗೆ ಒರಗಿಸಿಕೊಂಡಂತೆ. ಮೊದಮೊದಲು ಹೆದರುತ್ತಿದ್ದಳು. ಈಗ ಕಾಯುತ್ತಿದ್ದಳು.

ಆದರೆ ಅದರಲ್ಲಿ ಅವಳಿಗೆ ಬಗೆಹರಿಯದ ಒಂದು ಸಂಗತಿಯಿತ್ತು. ಮಕ್ಕಳ ಕಡೆ ಮುಖ ಮಾಡಿದರೆ ಏನೂ ಇಲ್ಲ, ಹಲಗೆಯ ಕಡೆ ತಿರುಗಿದರೆ ಹಿಂದಕ್ಕೆ ಬೀಳುವಂತೆ. ಧಾರವಾಡಕ್ಕೆ ಹೋಗುವಾಗ ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತಿತ್ತು. ಬರುವಾಗ ಹಾಯಾಗಿ ನಿದ್ದೆ ಬರುತ್ತಿತ್ತು. ಹಲಗೆಯದಕ್ಕೆ ವಯಸ್ಸು ಕಾರಣ, ಬಸ್ಸಿನದಕ್ಕೆ ಆಸ್ಪತ್ರೆಯ ಭಯ ಕಾರಣ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಶುಕ್ರವಾರ ಸಂಜೆ ಫೋನು ಬಂತು. ಸಮತೋಲ ಕೇಂದ್ರದ ಎಂಜಿನಿಯರ್ ತಬಸ್ಸುಮ್ ನದಾಫ್.

“ಅಕ್ಕೋರ, ಒಂದು ಮಾತು ಕೇಳ್ಲಿ? ನೀವು ಡಾಕ್ಟರ್ ಮುಂದ ಒಮ್ಮೆ ಅಂದಿದ್ರಿ. ನೆಲ ಮಗುಚಿದಂಗ ಆಗತೈತಿ ಅಂತ. ನಾ ಅಲ್ಲೇ ವೈರ್ ಸುತ್ತಾಕತ್ತಿದ್ದೆ.”

ಕಸ್ತೂರಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. “ಅದು ಆತಂಕ ಅಂದ್ರಲ್ಲವಾ.”

“ಈಗ ಇನ್ನೊಬ್ಬಾಕಿ ಅನ್ನಾಕತ್ಯಾಳ್ರಿ. ಆರು ವರ್ಷದಾಕಿ, ಪೂರ್ಣಿ ಅಂತ. ಮೆದುಳು ಜ್ವರದಾಗ ಕಿವ್ಯಾಗಿನ ಎಳಿ ಸತ್ತಿದ್ವು. ನಿಮಗ ಹಾಕಿದ್ದ ಜಾತಿ ಗುಂಡೀನ ಅಕಿಗೂ ಹಾಕೀವಿ. ಮಲಗಿಸಿದ್ರ ಚೀರ್ತಾಳ, ಉಂಡದ್ದು ಹೊಟ್ಟ್ಯಾಗ ನಿಂದ್ರವಲ್ದು. ಸೋಮವಾರ ಗುಂಡಿ ತೆಗದಬಿಡೂದು ಅಂತ ಡಾಕ್ಟರ್ ಹೇಳ್ಯಾರ.”

“ತೆಗದ್ರ?”

“ಮತ್ತ ಹಾಕಾಕ ಬರೂದಿಲ್ರಿ. ಸಣ್ಣ ಕೂಸಿನ ನರ, ಕೆಲಸ ಇಲ್ಲದ ಕುಂತ್ರ ಒಣಗಿಹೋಗತೈತಿ. ಜನ್ಮಾ ಪೂರ್ತಿ ಗೋಡಿ ಹಿಡದ ನಡೀಬೇಕು.”

ಗೋಡೆ ಹಿಡಿದು ನಡೆಯುವುದು ಏನೆಂದು ಕಸ್ತೂರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ ಹತ್ತಿದಳು. ಬಸ್ಸು ಪಶ್ಚಿಮಕ್ಕೆ ಹೊರಟಿತು. ಅರ್ಧ ದಾರಿ ಮುಟ್ಟುವ ಹೊತ್ತಿಗೆ ಹಣೆ ಬೆವೆತು, ಅವಳು ಎದ್ದುನಿಂತು ಹಿಂದಿನ ಗಾಜಿನ ಕಡೆ ಮುಖ ಮಾಡಿ ಕಂಬ ಹಿಡಿದುಕೊಂಡಳು.

“ಯಾಕ್ರಿ ಅಕ್ಕೋರ, ನವಲಗುಂದ ಬಿಟ್ಟ ಬರಾಕ ಮನಸ್ಸಿಲ್ಲೇನು?” ಎಂದ ಕಂಡಕ್ಟರ್.

“ಹಿಂಗ ನಿಂತ್ರ ಆರಾಮ ಅನಸತೈತಪಾ.”

ನಿಂತಮೇಲೆ ಹೊಟ್ಟೆ ತೊಳಸುವುದು ನಿಜಕ್ಕೂ ನಿಂತಿತ್ತು. ಬಸ್ಸು ಅದೇ, ರಸ್ತೆ ಅದೇ, ಆಸ್ಪತ್ರೆಯ ಭಯವೂ ಅದೇ. ಬದಲಾದದ್ದು ಅವಳ ಮುಖವೊಂದೇ. ಆ ಯೋಚನೆಯನ್ನು ಅವಳು ಬೀಳದ ಹಾಗೆ ಹಿಡಿದುಕೊಂಡು ಧಾರವಾಡ ಮುಟ್ಟಿದಳು.

ಪರೀಕ್ಷಾ ಕೋಣೆಯ ನಡುವೆ ನೆಲಕ್ಕೆ ಬೋಲ್ಟು ಹಾಕಿದ ಒಂದು ಎತ್ತರದ ಕುರ್ಚಿ. ಗೋಡೆಯ ತುಂಬ ಪರದೆಗಳು, ಪರದೆಗಳ ಮೇಲೆ ತೆಳು ಗೆರೆಗಳು. ಕುರ್ಚಿಯಲ್ಲಿ ಪೂರ್ಣಿ ಕೂತಿದ್ದಳು. ತಲೆಯ ಒಂದು ಮಗ್ಗುಲಲ್ಲಿ ಕೂದಲು ಬೋಳಿಸಿತ್ತು. ಅವಳ ಅವ್ವ ಶೋಭಾ ನೆಲದ ಮೇಲೆ ಕೂತು ಅವಲಕ್ಕಿಯ ಬಟ್ಟಲು ಹಿಡಿದಿದ್ದಳು.

“ಈ ಕುರ್ಚ್ಯಾಗ ಕುಂತ್ರ ಸುಮ್ನಿರ್ತಾಳ್ರಿ,” ಎಂದಳು ಶೋಭಾ, ಸೋತ ದನಿಯಲ್ಲಿ. “ಇಲ್ಲೇ ಉಣಿಸಾಕತ್ತೀನಿ. ಕುರ್ಚಿ ಮನಿಗೆ ಒಯ್ಯಾಕ ಬರತೈತೇನ್ರಿ?”

ಕಸ್ತೂರಿ ಹುಡುಗಿಯ ಎದುರಿಗೆ, ಅವಳಷ್ಟೇ ಎತ್ತರಕ್ಕೆ ಬಗ್ಗಿ, ಕುರ್ಚಿಯ ತೋಳು ಹಿಡಿದು ನಿಂತಳು. ತನ್ನ ಕೂದಲು ಸರಿಸಿ ಕಿವಿಯ ಹಿಂದಿನ ಉಬ್ಬು ತೋರಿಸಿದಳು.

“ನನಗೂ ಐತಿ ನೋಡು.”

ಪೂರ್ಣಿ ನೋಡಿದಳು.

“ಮಲಗಿದ್ರ ಏನಾಗತೈತವಾ?”

“ತಲಿಕೆಳಗಾಗಿ ಬೀಳ್ತೀನಿ,” ಎಂದಳು ಪೂರ್ಣಿ. “ಬೀಳ್ಕೋಂತ ಹೋಗ್ತೀನಿ. ನೆಲಾನ ಬರೂದಿಲ್ಲ.”

“ಹೌದು. ಬರೂದಿಲ್ಲ,” ಎಂದಳು ಕಸ್ತೂರಿ.

ಹುಡುಗಿ ಕಣ್ಣು ಅಗಲಿಸಿದಳು. ಇಷ್ಟು ದಿನ ಅವಳಿಗೆ ಎಲ್ಲರೂ ಹೇಳಿದ್ದು, ಇಲ್ಲ ನೀನು ಬೀಳುತ್ತಿಲ್ಲ ಎಂದು. ಅಜ್ಜಿ ಹಣೆಗೆ ಅಂಗಾರ ಹಚ್ಚಿದ್ದಳು, ಡಾಕ್ಟರು ಚಾಕಲೇಟು ಕೊಟ್ಟಿದ್ದರು. “ನಿಮಗೂ?” ಎಂದು ಕೇಳಿದಳು.

“ನನಗೂ.”

“ದೆವ್ವ ಎಳೀತೈತೇನ್ರಿ?”

“ದೆವ್ವ ಅಲ್ಲ. ಭೂಮಿ ಅದು. ಭೂಮಿ ಒಂದು ದೊಡ್ಡ ಚೆಂಡು, ನಾವು ಅದರ ಮೈಮ್ಯಾಲ ಅದೀವಿ. ಅದು ಹಗಲೂ ರಾತ್ರಿ ಹೊರಳತೈತಿ, ಹಾಸಿಗ್ಯಾಗ ನೀ ಮಗ್ಗಲಾ ಹೊರಳಿಸ್ತಿಯಲ್ಲ, ಹಂಗ. ಹೊರಳಿ ಸೂರ್ಯನ ಕಡೆ ಮುಖಾ ಮಾಡಿದ್ರ ಹಗಲು, ಬೆನ್ನ ಮಾಡಿದ್ರ ರಾತ್ರಿ. ಎಲ್ಲಾರೂ ಅದರ ಜೋಡಿ ಹೊರಳ್ತಾರ. ಅವರಿಗೆ ಗೊತ್ತಾಗೂದಿಲ್ಲ. ನಿನ್ನ ಗುಂಡಿ ಭಾಳ ಶಾಣ್ಯಾ, ಅದಕ್ಕ ಗೊತ್ತಾಗತೈತಿ.”

“ಬೀಳೂದಿಲ್ಲ?”

“ಬೀಳಾಕ ಬಿಡೂದಿಲ್ಲ ಭೂಮಿ. ಒಳಗಿಂದ ಜಗ್ಗಿ ಹಿಡದಿರತೈತಿ. ಇಷ್ಟ ವರ್ಷ ಒಬ್ಬರನ್ನೂ ಬಿಟ್ಟಿಲ್ಲ.”

ಪೂರ್ಣಿ ಕುರ್ಚಿಯಿಂದ ಇಳಿಯಲು ಕೈ ಚಾಚಿದಳು. ಶೋಭಾ ಬಟ್ಟಲು ಕೆಳಗಿಟ್ಟು ಅವಳನ್ನು ಇಳಿಸಿದಳು.

ಕಸ್ತೂರಿ ಒಂದು ಚಾಪೆ ತರಿಸಿದಳು. “ಒಂದು ಆಟಾ ಆಡೂಣು. ನೀ ಗಡಿಯಾರದ ಮುಳ್ಳು. ನಾ ಹೆಂಗ ತಿರುಗಿಸ್ತೀನಿ ಹಂಗ ಮಲಗು. ಯಾವ ಕಡೆ ತಲಿ ಇಟ್ರ ಬೀಳ್ತಿ, ಯಾವ ಕಡೆ ಇಟ್ರ ಇಲ್ಲ, ಹೇಳು. ನಾನೂ ನಿನ್ನ ಬಾಜೂಕ ಮಲಗ್ತೀನಿ.”

ನಲವತ್ತೊಂಬತ್ತು ವರ್ಷದ ಅಕ್ಕೋರು ಸೀರೆ ಸರಿಮಾಡಿಕೊಂಡು ಪ್ರಯೋಗಾಲಯದ ನೆಲದ ಮೇಲೆ ಅಂಗಾತ ಮಲಗಿದ್ದನ್ನು ತಬಸ್ಸುಮ್ ಪರದೆಗಳ ಪಕ್ಕದಲ್ಲಿ ನಿಂತು ನೋಡಿದಳು. ಮೊದಲು ತಲೆ ಪೂರ್ವಕ್ಕೆ. ಪೂರ್ಣಿ ಕಿರುಚಿ ಕಸ್ತೂರಿಯ ಕೈಗೆ ಉಗುರು ಊರಿದಳು. ಕಸ್ತೂರಿಗೂ ಹಾಸುಗಲ್ಲು ಜಾರಿ ತಲೆ ಮೊದಲಾಗಿ ಬಾವಿಗೆ ಇಳಿಯುತ್ತಿರುವಂತಾಯಿತು. ಆಮೇಲೆ ದಕ್ಷಿಣ, ಅದು ಅರೆಬರೆ. ಆಮೇಲೆ ಪಶ್ಚಿಮ.

“ಇಲ್ಲೇ,” ಎಂದಳು ಪೂರ್ಣಿ. “ಇಲ್ಲೇ ಏನೂ ಇಲ್ಲ.”

ಕಸ್ತೂರಿಗೂ ಇರಲಿಲ್ಲ. ಮನೆಯಲ್ಲಿ ಅವಳು ಮೂರು ವರ್ಷದಿಂದ ಮಲಗುತ್ತಿದ್ದುದೇ ಹಾಗೆ. ಪಶ್ಚಿಮಕ್ಕೆ ತಲೆ ಹಾಕಿದರೆ ಚಿಂತೆ ಹತ್ತುತ್ತದೆ ಎಂದು ಅವ್ವ ಗೊಣಗುತ್ತಿದ್ದಳು. ಹತ್ತಬೇಕಾದ ಚಿಂತೆಗಳೆಲ್ಲ ಆಗಲೇ ಹತ್ತಿವೆಯಲ್ಲ ಎಂದು ಕಸ್ತೂರಿ ಸುಮ್ಮನಾಗುತ್ತಿದ್ದಳು.

“ಮನ್ಯಾಗ ಹೆಂಗ ಮಲಗಿಸ್ತೀರಿ ಇಕಿನ್ನ?” ಎಂದು ಕೇಳಿದಳು.

“ಪೂರ್ವಕ್ಕ ತಲಿ ಹಾಕ್ರಿ,” ಎಂದಳು ಶೋಭಾ. “ವಿದ್ಯಾ ಬರತೈತಿ ಅಂತ ನಮ್ಮತ್ತಿ ಮದಲಿಂದ್ಲೂ ಹಂಗ.”

ಕಸ್ತೂರಿ ಎದ್ದು ಕೂತು ಬೋಲ್ಟು ಹಾಕಿದ ಕುರ್ಚಿಯನ್ನು ನೋಡಿದಳು. ಅದರ ಎದುರಿಗೆ ಕಿಟಕಿ. ಕಿಟಕಿಯ ಆಚೆ ಕಟ್ಟಡದ ಉದ್ದನೆಯ ನೆರಳು ಅವರಿಂದ ದೂರಕ್ಕೆ ಚಾಚಿತ್ತು. ಸಂಜೆಯ ಸೂರ್ಯ ಬೆನ್ನ ಹಿಂದೆ.

“ತಬಸ್ಸುಮ್, ಗುಂಡಿ ಹಾಕಿದ ಮ್ಯಾಲ ಈ ಕುರ್ಚ್ಯಾಗ ಕುಂದರಿಸಿ ಏನೋ ಮಾಡಿದ್ರಿ. ಅಲುಗಾಡಬ್ಯಾಡ್ರಿ ಅಂದಿದ್ರಿ.”

“ಸೊನ್ನಿ ಹಾಕೂದು ಅಂತೀವ್ರಿ. ಇದು ಸ್ಥಿರ, ಇಷ್ಟಕ್ಕ ಏನೂ ಇಲ್ಲ ಅಂತ ತಿಳ್ಕೋ, ಅಂತ ಗುಂಡಿಗೆ ಹೇಳೂದು. ಕೊನೀ ಕೆಲಸ ಅದು.”

“ಎಲ್ಲಾರಿಗೂ ಪೂರ್ವಕ್ಕ ಮುಖಾ ಮಾಡಿಸೇ ಹಾಕೂದೇನು?”

“ಕುರ್ಚಿ ಇರೂದ ಹಂಗಲ್ರಿ. ನಾ ಬರೂಕಿಂತ ಮದಲ ಪೂಜಾ ಮಾಡಿ, ಶುಭ ಕೆಲಸ ಅಂತ ಪೂರ್ವಕ್ಕ ತಿರುಗಿಸಿ ಬೋಲ್ಟ್ ಹಾಕಿದ್ರಂತ. ಅದರಾಗೇನು…” ಮಾತು ಅಲ್ಲಿಗೇ ನಿಂತಿತು. ತಬಸ್ಸುಮ್ ಪರದೆಯ ಕಡೆ, ಕುರ್ಚಿಯ ಕಡೆ, ಕಿಟಕಿಯ ಕಡೆ ನೋಡಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

“ಏನ್ರಿ ಅದು? ನಮಗೂ ತಿಳಿಯೂ ಹಂಗ ಹೇಳ್ರಿ,” ಎಂದಳು ಶೋಭಾ.

“ಕಿರಾಣಿ ಅಂಗಡಿ ತಕ್ಕಡಿ ನೋಡೀರಲ್ರಿ. ತಟ್ಟ್ಯಾಗ ಒಂದು ಕಲ್ಲ ಇಟ್ಟು, ಅದನ್ನ ಸೊನ್ನಿ ಅಂತ ಮಾಡಿದಂಗ ಆಗೇತಿ. ಪೂರ್ವಕ್ಕ ಮುಖಾ ಮಾಡಿ ಕುಂತಾಗ ಭೂಮಿ ನಮ್ಮನ್ನ ಮುಂದಕ್ಕ ಬಗ್ಗಿಸ್ತಿರತೈತಿ. ಅದನ್ನ ಗುಂಡಿ ಸೊನ್ನಿ ಅಂತ ತಿಳ್ಕೊಂಡೈತಿ. ಪಶ್ಚಿಮಕ್ಕ ತಿರುಗಿದ್ರ ಖರೇ ತಿರುಗೂದು ಒಂದು, ಈ ತಪ್ಪು ಸೊನ್ನೀದು ಒಂದು. ಎರಡರಷ್ಟು. ಪೂರ್ವಕ್ಕ ತಲಿ ಹಾಕಿ ಮಲಗಿಸಿದ್ರೂ ಅಷ್ಟ, ಎರಡರಷ್ಟು.” ತಬಸ್ಸುಮ್ ಕೈಯಿಂದ ಮುಖ ಒರೆಸಿಕೊಂಡಳು. “ಹಳೇ ಗುಂಡಿಗೆ ಇದ್ಯಾವದೂ ತಿಳೀತಿದ್ದಿಲ್ಲ. ಹಂಗಾಗಿ ಯಾರೂ ಕೇಳಲೇ ಇಲ್ಲ.”

ಅಷ್ಟರಲ್ಲಿ ಪೂರ್ಣಿ ಪಶ್ಚಿಮಕ್ಕೆ ತಲೆ ಹಾಕಿ ಮಲಗಿದವಳು ಹಾಗೆಯೇ ನಿದ್ದೆ ಹೋಗಿದ್ದಳು.

ದಾರಿಗಳು ಎರಡಿದ್ದವು. ಕುರ್ಚಿಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಹೊಸದಾಗಿ ಸೊನ್ನೆ ಹಾಕುವುದು ಒಂದು. ಆಗ ಎರಡರಷ್ಟು ಹೋಗಿ, ಭೂಮಿ ಇದ್ದಷ್ಟು, ತಿರುಗಿದಷ್ಟು ಮಾತ್ರ ತಿಳಿಯುತ್ತದೆ. ಇನ್ನೊಂದು, ಅಷ್ಟು ನಿಧಾನದ ತಿರುಗೆಲ್ಲವನ್ನೂ ಗುಂಡಿ ಸೋಸಿ ಎಸೆಯುವಂತೆ ಮಾಡುವುದು. ಆಗ ಏನೂ ತಿಳಿಯುವುದಿಲ್ಲ.

“ನಮಗ ಏನೂ ತಿಳಿಯೂದು ಬ್ಯಾಡ್ರಿ,” ಎಂದಳು ಶೋಭಾ. “ಒಂದರಷ್ಟೂ ಬ್ಯಾಡ. ನಿಂತ ಭೂಮಿ ಕೊಡ್ರಿ ನನ್ನ ಕೂಸಿಗೆ.”

ಡಾಕ್ಟರು ಫೋನಿನಲ್ಲಿ ಒಪ್ಪಿದರು, ಒಂದು ಷರತ್ತಿನ ಮೇಲೆ. ಸೋಸುವ ವ್ಯವಸ್ಥೆ ಇನ್ನೂ ಯಾರ ಮೇಲೂ ನೋಡಿದ್ದಲ್ಲ. ಮೊದಲು ದೊಡ್ಡವರೊಬ್ಬರಿಗೆ ಹಾಕಿ, ಅವರು ಒಂದು ಹಗಲು ಬೀಳದೆ ನಡೆದರೆ ಮಾತ್ರ ಮಗುವಿಗೆ. ಇಲ್ಲವಾದರೆ ಸೋಮವಾರ ತೆಗೆಯುವುದೇ. ಈ ಬಗೆಯ ಗುಂಡಿ ಇದ್ದ ದೊಡ್ಡವರು ಒಬ್ಬರೇ.

ತಬಸ್ಸುಮ್ ಕಸ್ತೂರಿಯ ಮುಖ ನೋಡದೆ ಕೇಳಿದಳು. “ಹಾಕಿಸ್ಕೋತೀರೇನ್ರಿ?”

“ಆಮ್ಯಾಲ ತೆಗೀಬಹುದಲ್ಲ? ಮದಲಿನಂಗ ಮಾಡಬಹುದಲ್ಲ?”

“ಗುಂಡಿ ಮದಲಿನಂಗ ಆಗತೈತ್ರಿ. ಮೆದುಳು ಆಗೂದಿಲ್ಲ. ಅದು ಒಮ್ಮೆ ನೆಲಾ ನಿಂತೈತಿ ಅಂತ ಒಪ್ಪಿಕೊಂಡ್ರ, ಮತ್ತ ತಿರುಗತೈತಿ ಅಂದ್ರ ಕೇಳೂದಿಲ್ಲ. ಬೀಳಸತೈತಿ. ನಾ ಏನಂದ್ರೂ ಸುಳ್ಳ ಹೇಳಿದಂಗ ಆಗತೈತಿ. ಹೋತು ಅಂತನ ತಿಳ್ಕೋರಿ.” ಆಮೇಲೆ, “ನಿಮಗ ಅದು ಬೇಕಾಗಿತ್ತೇನ್ರಿ?” ಎಂದು ಕೇಳಿದಳು.

ಬೇಕಾಗಿತ್ತು ಎಂದು ಹೇಳುವುದು ಹೇಗೆ? ನನ್ನ ಮನೆಯಲ್ಲಿ ನನ್ನ ಹೆಗಲು ಮುಟ್ಟುವುದು ಅದೊಂದೇ ಎಂದು ಈ ಹುಡುಗಿಯ ಮುಂದೆ ಯಾವ ಮಾತಿನಲ್ಲಿ ಹೇಳುವುದು? ಕಸ್ತೂರಿ ತೂಗಿ ನೋಡಿದಳು. ಯಾವ ಮಾತೂ ಸರಿಹೊಂದಲಿಲ್ಲ.

“ನಾಳೆ ಮುಂಜಾನೆ ಹಾಕು,” ಎಂದಳು. “ಇವತ್ತಿನ ಸಂಜೆ ಒಂದು ಇರಲಿ.”

ಪೂರ್ಣಿ ಎದ್ದಾಗ ಸೂರ್ಯ ಇನ್ನೂ ಒಂದು ಮಾರು ಮೇಲಿದ್ದ. ಕಸ್ತೂರಿ ಅವಳನ್ನು ಎತ್ತಿಕೊಂಡು ಕೇಂದ್ರದ ಮಾಳಿಗೆಗೆ ಹೋದಳು. ಇಬ್ಬರೂ ನೀರಿನ ತೊಟ್ಟಿಗೆ ಬೆನ್ನು ಕೊಟ್ಟು, ಪಶ್ಚಿಮಕ್ಕೆ ಮುಖ ಮಾಡಿ ಕೂತರು. ಪೂರ್ಣಿಯ ಮೈ ಬಿಗಿಯಿತು.

“ಬೀಳಾಕತ್ತೀವಿ,” ಎಂದಳು.

“ಹಿಂದಕ್ಕ ವಾಲಾಕತ್ತೀವಿ. ನನ್ನ ಕೈ ಹಿಡಿ. ಸೂರ್ಯನ್ನ ನೋಡು. ಅವ ಕೆಳಗ ಇಳಿಯೂದಿಲ್ಲ. ನಾವ ಅವನ್ನ ಬಿಟ್ಟು ಹಿಂದ ಹೊಂಟೇವಿ.”

ಬಹಳ ಹೊತ್ತು ನೋಡಿದರು. ಸೂರ್ಯನ ಕೆಳಗಿನ ಅಂಚು ದೂರದ ಗುಡ್ಡಕ್ಕೆ ತಾಗಿತು. ಪೂರ್ಣಿಯ ಹಿಡಿತ ಸಡಿಲವಾಯಿತು.

“ಜೋಕಾಲಿ ಹಿಂದ ಹೋದಂಗ,” ಎಂದಳು.

“ಹೂಂ. ಆದ್ರ ಮುಂದ ಬರೂದಿಲ್ಲ.”

“ಈಗ ಜೋರಾತಲ್ರಿ?”

“ಇಲ್ಲವಾ, ಅದು ಯಾವತ್ತೂ ಒಂದ ಸಮ. ನೀ ಈಗ ಹೆದರಿಕಿ ಬಿಟ್ಟಿ, ಅದಕ್ಕ ಛಲೋ ತಿಳಿಯಾಕತ್ತೈತಿ.”

ಮೂರು ವರ್ಷದಲ್ಲಿ ಮೊದಲ ಸಲ, ಕಸ್ತೂರಿಗೆ ಆಗುತ್ತಿರುವುದು ಅದೇ ಗಳಿಗೆಯಲ್ಲಿ, ಅದೇ ದಿಕ್ಕಿಗೆ, ಇನ್ನೊಂದು ಜೀವಕ್ಕೂ ಆಗುತ್ತಿತ್ತು. ಇಡೀ ಧಾರವಾಡದಲ್ಲಿ, ಅದರ ಆಚೆಗಿನ ಊರುಗಳಲ್ಲಿ, ಕೋಟಿಗಟ್ಟಲೆ ಜನ ಹೀಗೇ ವಾಲುತ್ತಿದ್ದರು. ಚಹಾ ಕುಡಿಯುತ್ತ, ಜಗಳಾಡುತ್ತ, ಲೆಕ್ಕ ಮಾಡುತ್ತ. ಗೊತ್ತಿದ್ದದ್ದು ಈ ತೊಟ್ಟಿಗೆ ಒರಗಿದ ಇಬ್ಬರಿಗೆ.

“ಭೂಮಿ ಬರೇ ಹೊರಳತೈತೇನ್ರಿ?” ಎಂದು ಪೂರ್ಣಿ ಕೇಳಿದಳು.

“ಹೊರಳಕೋಂತನ ಮುಂದಕ್ಕ ಓಡತೈತಿ. ಸೂರ್ಯನ್ನ ಸುತ್ತು ಹಾಕತೈತಿ. ಒಂದು ಸುತ್ತಿಗೆ ಒಂದು ವರ್ಷ. ನಿನಗ ಎಷ್ಟು ವರ್ಷ?”

“ಆರು.”

“ಹಂಗಾರ ನೀ ಆರು ಸುತ್ತು ಬಂದಿ. ಭಾಳ ಜೋರ ಓಡತೈತದು. ನೀ ‘ಧಾರವಾಡ’ ಅಂತ ಹೇಳಿ ಮುಗಸೂದ್ರಾಗ ಹುಬ್ಬಳ್ಳಿ ದಾಟಿರತೈತಿ.”

“ಧಾರವಾಡ,” ಎಂದಳು ಪೂರ್ಣಿ, ಕಣ್ಣು ಮುಚ್ಚಿ. ತೆರೆದಳು. “ಅದು ಗೊತ್ತಾಗಲಿಲ್ರಿ.”

“ಅದು ಗುಂಡಿಗೂ ಗೊತ್ತಾಗೂದಿಲ್ಲ. ಯಾರಿಗೂ ಆಗೂದಿಲ್ಲ.”

ಹುಡುಗಿ ಯೋಚಿಸಿದಳು. “ಪಾಪ,” ಎಂದಳು. “ಹಂಗಾರ ಭೂಮಿ ಒಬ್ಬಾಕೀನ ಹೋಗತೈತಿ.”

ಸೂರ್ಯನ ಕೊನೆಯ ಅಂಚು ಗುಡ್ಡದ ಹಿಂದೆ ಸರಿಯಿತು. ಅವರು ಕತ್ತಲಿನೊಳಗೆ ವಾಲುತ್ತಲೇ ಕೂತಿದ್ದರು, ಶೋಭಾ ಊಟಕ್ಕೆ ಕರೆಯುವವರೆಗೆ.

ಮರುದಿನ ಮುಂಜಾನೆ ತಬಸ್ಸುಮ್ ಕುರ್ಚಿಯ ಬೋಲ್ಟುಗಳನ್ನು ತೆಗೆಸಿದ್ದಳು. ಕಸ್ತೂರಿ ತಾನೇ ಕುರ್ಚಿಯನ್ನು ಪಶ್ಚಿಮಕ್ಕೆ ತಿರುಗಿಸಿಕೊಂಡು ಕೂತಳು. ಹೋಗುವುದಾದರೆ ಆ ವಾಲುವಿಕೆ ಬೆನ್ನಿಗೆ ತಿಳಿಯುತ್ತಿರುವಾಗಲೇ ಹೋಗಲಿ ಎಂದುಕೊಂಡಳು.

“ಹಾಕಲ್ರಿ?”

“ಹಾಕು.”

ಏನೂ ಆಗಲಿಲ್ಲ. ಮಧ್ಯಾಹ್ನದ ಮನೆಯಲ್ಲಿ ಫ್ಯಾನು ನಿಂತಾಗ ಆಗುವ ಹಾಗೆ, ಇಷ್ಟು ಹೊತ್ತು ಏನೋ ಒಂದು ಇತ್ತು ಎಂಬುದಷ್ಟೇ ಗೊತ್ತಾಯಿತು. ಪಶ್ಚಿಮದ ಗೋಡೆ ಗೋಡೆಯಾಗಿತ್ತು. ನೆಲ ನೆಲವಾಗಿತ್ತು. ಅವಳು ಎದ್ದು ನಿಂತಳು, ನಡೆದಳು, ಮೆಟ್ಟಿಲು ಹತ್ತಿ ಇಳಿದಳು. ತಬಸ್ಸುಮ್ ಹಿಂದೆ ಹಿಂದೆಯೇ ಬಂದು, ಪ್ರತಿ ತಿರುವಿನಲ್ಲೂ, “ಹೆಂಗನಸತೈತ್ರಿ?” ಎಂದು ಕೇಳುತ್ತಿದ್ದಳು.

“ಆರಾಮ,” ಎಂದಳು ಕಸ್ತೂರಿ. ಅದು ಸುಳ್ಳಲ್ಲ. ಜ್ವರ ಬರುವ ಮೊದಲು ಹೇಗಿತ್ತೋ ಹಾಗೆಯೇ ಇತ್ತು. ನಲವತ್ತೈದು ವರ್ಷ ಹೀಗೆಯೇ ಬದುಕಿದ್ದಳಲ್ಲ.

ಇಳಿಹೊತ್ತಿಗೆ ಪೂರ್ಣಿಯ ಸರದಿ. ಹತ್ತು ನಿಮಿಷವೂ ಹಿಡಿಯಲಿಲ್ಲ. ಶೋಭಾ ಅವಳನ್ನು ಚಾಪೆಯ ಮೇಲೆ ಪೂರ್ವಕ್ಕೆ ತಲೆ ಹಾಕಿ ಮಲಗಿಸಿ, ಪಕ್ಕದಲ್ಲೇ ಕೂತು ಕಾದಳು. ಪೂರ್ಣಿ ಮಲಗಿ ಸೂರು ನೋಡಿದಳು. ಆಮೇಲೆ ಬೇಸರವಾಗಿ ಎದ್ದು ಕಾರಿಡಾರಿನ ಉದ್ದಕ್ಕೂ ಓಡಿದಳು. ಗೋಡೆ ಹಿಡಿಯದೆ ಓಡಿದಳು. ಶೋಭಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಡಾಕ್ಟರು ಬಂದು ನೋಡಿ, ಸೋಮವಾರದ್ದನ್ನು ರದ್ದು ಮಾಡಿ, ಕಸ್ತೂರಿಯ ಕಡೆ ತಿರುಗಿ ಏನೋ ಹೇಳಬೇಕೆಂದು ನಿಂತರು. ಗುಳಿಗೆಯ ನೆನಪಾಗಿರಬೇಕು. “ಊಟಾ ಆತೇನ್ರಿ?” ಎಂದಷ್ಟೇ ಕೇಳಿದರು.

ಹೊರಡುವಾಗ ಪೂರ್ಣಿ ಗೇಟಿನವರೆಗೆ ಓಡಿ, ಮತ್ತೆ ಓಡುತ್ತ ಹಿಂದೆ ಬಂದಳು.

“ಅಕ್ಕೋರ, ಈಗೂ ತಿರುಗತೈತೇನ್ರಿ?”

“ಹೂಂನವಾ.”

“ನಿಮಗ ಗೊತ್ತಾಗತೈತಿ?”

“ಇಲ್ಲ,” ಎಂದಳು ಕಸ್ತೂರಿ. “ಆದ್ರ ತಿರುಗತೈತಿ.”

ಪೂರ್ಣಿ ಒಂದು ಗಳಿಗೆ ತಲೆ ವಾರೆ ಮಾಡಿ ಆಲಿಸಿದಳು, ದೂರದ ಮನೆಯಲ್ಲಿ ಯಾರಾದರೂ ಕರೆದರೇ ಎಂದು ಕೇಳುವ ಹಾಗೆ. ಅಷ್ಟರಲ್ಲಿ ಆಟೋ ಬಂತು.

ನವಲಗುಂದದ ಮನೆಯಲ್ಲಿ ಇಟ್ಟ ಲೋಟ ಇಟ್ಟಲ್ಲೇ ಇತ್ತು. ಕಸ್ತೂರಿ ಮರುದಿನ ಸಂಜೆ ಮಾಳಿಗೆಯ ಮೇಲೆ ಅವ್ವನ ಕುರ್ಚಿಯಲ್ಲಿ ಕೂತಳು. ಸೂರ್ಯ ಕೆಂಪಗಾಗಿ, ಎಲ್ಲರಿಗೂ ಮುಳುಗುವಂತೆ ಮುಳುಗಿದ. ಎರಡು ದಿನ ಕೂತಳು. ಮೂರನೆಯ ದಿನ ಕುರ್ಚಿಯನ್ನು ಕೆಳಗೆ ತಂದು, ಒರೆಸಿ, ನಡುಮನೆಯಲ್ಲಿಟ್ಟಳು.

ಶಾಲೆಯಲ್ಲಿ ಪಾಠ ಮುಂದುವರಿದಿತ್ತು. ಹಗಲು ರಾತ್ರಿ ಮುಗಿದು ಋತುಗಳಿಗೆ ಬಂದಿತ್ತು. ಅವಳು ಸೂರ್ಯನನ್ನು ನಡುವೆ ಬರೆದು, ಅದರ ಸುತ್ತ ಭೂಮಿಯ ದಾರಿ ಬರೆಯತೊಡಗಿದಳು. ಹಿಂದಿನಿಂದ ದಾನಮ್ಮನ ದನಿ ಬಂತು.

“ಅಕ್ಕೋರ, ಇದೂ ಗೊತ್ತಾಗೂದಿಲ್ರಿ ಯಾರಿಗೂ?”

“ಇದು ಯಾರಿಗೂ ಗೊತ್ತಾಗೂದಿಲ್ಲ.” ಅವಳು ಬರೆಯುವುದನ್ನು ನಿಲ್ಲಿಸಿದಳು. “ಅವತ್ತಿಂದು, ತನ್ನ ಸುತ್ತ ತಿರುಗೂದು ಕೇಳಿದ್ದಿಯಲ್ಲ, ಅದು ಗೊತ್ತಾಗ್ತಿತ್ತು. ಇಬ್ಬರಿಗೆ.”

ತರಗತಿ ಗದ್ದಲವೆದ್ದಿತು. ಯಾರ್ರಿ, ಎಲ್ಲಿಯವರ್ರಿ, ವಿಜ್ಞಾನಿಗಳೇನ್ರಿ. ಹಿಂದಿನ ಸಾಲಿನವನು, “ನಮ್ಮೂರ ಬಸ್ಸಿನ ಡ್ರೈವರ್‌ಗ ಇರಬೇಕ್ರಿ,” ಎಂದ. ಎಲ್ಲರೂ ನಕ್ಕರು. ಅಕ್ಕೋರು ಕಥೆ ಹೇಳುತ್ತಿದ್ದಾರೆ ಎಂದು ಅವರಿಗೆ ಖುಷಿಯಾಗಿತ್ತು.

ಕಸ್ತೂರಿ ಮತ್ತೆ ಹಲಗೆಯ ಕಡೆ ತಿರುಗಿದಳು. ಭೂಮಿಯ ದಾರಿ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸಲು ಬಲಗೈ ಎತ್ತುವ ಮೊದಲು ಎಡಗೈ ಹಳೆಯ ರೂಢಿಯಂತೆ ತಾನಾಗಿಯೇ ಚಾಚಿ ಗೋಡೆಯನ್ನು ಹುಡುಕಿತು. ಗೋಡೆ ಅಲ್ಲಿಯೇ ಇತ್ತು, ಸ್ವಲ್ಪವೂ ಅಲುಗದೆ. ಅವಳು ಕೈಯನ್ನು ಅಲ್ಲಿಯೇ ಬಿಟ್ಟಳು.